ಬಸ್ತಾದೊಳಗಿನ ಐದು ಕಾಳು

ದೂರು ಬಂದದ್ದು 2024ರ ಫೆಬ್ರುವರಿ 6, ಮಂಗಳವಾರ, ಬೆಳಿಗ್ಗೆ 10.40ಕ್ಕೆ. ರಾಯಚೂರಿನ ಕೋರ್ಟಿನಲ್ಲಿ ಹಳೆಯ ದಾಖಲೆ ಕೋಣೆ ನೋಡಿಕೊಳ್ಳುವ ಶೇಷಗಿರಿ ಠಾಣೆಗೆ ಬಂದು, ಕುರ್ಚಿ ತೋರಿಸಿದರೂ ಕೂಡಲಿಲ್ಲ. ಅವರ ಹಿಂದೆ ದೇವದುರ್ಗ ಕಡೆಯ ಅರಕೇರಾದ ಸುನಂದಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮೂವತ್ತೊಂದು ವರ್ಷ ನೌಕರಿ ಮಾಡೀನ್ರೀ. ಒಂದು ಹಾಳಿ ಆಚೀಚಿ ಆಗಿಲ್ಲ. ಈಗ ನಾಕು ಹಾಳಿ ಇಲ್ಲ," ಎಂದರು ಶೇಷಗಿರಿ.

"ಯಾವ ಕಾಲದ್ದು?" ಇನ್ಸ್‌ಪೆಕ್ಟರ್ ಬಸವಪ್ರಸಾದ ಕೇಳಿದರು.

"ಫಸಲಿ 1341. ಅಂದ್ರ ನಮ್ಮ ಲೆಕ್ಕದಾಗ 1931. ನಿಜಾಮರ ಕಾಲದ್ದು, ಉರ್ದುದಾಗ ಅದ."

"ತೊಂಬತ್ತು ವರ್ಷದ ಹಾಳಿ ಯಾರಿಗೆ ಬೇಕ್ರೀ?"

"ನನಗ ಬೇಕ್ರೀ," ಎಂದಳು ಸುನಂದಾ.

ಎಫ್‌ಐಆರ್ ಬರೆದುಕೊಳ್ಳುತ್ತಿದ್ದ ಪೇದೆ ಅಸ್ಮತ್ ತಲೆಯೆತ್ತಿ ನೋಡಿದಳು. ಮಾತು ಕಡಿಮೆ, ಕಣ್ಣು ಹೆಚ್ಚು ಎಂದು ಠಾಣೆಯಲ್ಲಿ ಅವಳಿಗೆ ಹೆಸರು. ಸುನಂದಾ ಬಿಟ್ಟು ಬಿಟ್ಟು ಹೇಳಿದಳು. ಅವಳ ಮುತ್ತಜ್ಜಿ ಬೂದೆಮ್ಮ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅರಕೇರಾದ ದೊಡ್ಡಪ್ಪ ಎಂಬ ರೈತ ಆಕೆಗೆ ಸೀರೆ ಉಡಿಸಿ, ಅಂದರೆ ವಿಧವೆಯರ ಮರುಮದುವೆಯಾದ ಉಡಿಕಿ ಮಾಡಿಕೊಂಡು, ಎರಡನೆಯ ಹೆಂಡತಿಯಾಗಿ ಮನೆಗೆ ತಂದ. ದೊಡ್ಡಪ್ಪ ತೀರಿದ ಮೇಲೆ ಅವನ ತಮ್ಮಂದಿರು ಆಕೆಯನ್ನು ಹೊರಗೆ ಹಾಕಲು ನೋಡಿದರು. ಬೂದೆಮ್ಮ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ರಾಯಚೂರಿನ ಕೋರ್ಟು ಹತ್ತಿದಳು. ತೀರ್ಪು ಏನಾಯಿತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಆಕೆ ನಾಲ್ಕು ಎಕರೆ ಹೊಲ ಬಿಟ್ಟು ಏಳಲಿಲ್ಲ, ಸತ್ತ ಮೇಲೆ ಮಣ್ಣಾದದ್ದೂ ಅಲ್ಲಿಯೇ.

"ಈಗ ದೊಡ್ಡಪ್ಪನ ಹಿರಿ ಹೆಂಡತಿ ಕಡಿಯಾಂವ, ಪೋತ್ನಾಳದ ಚನ್ನವೀರ, ಆಕಿ ಮನಿ ಆಳು ಇದ್ಳು, ಹೆಂಡತಿ ಅಲ್ಲ ಅಂತ ಕೇಸ್ ಹಾಕ್ಯಾನ್ರೀ. ಬರೂ ಸೋಮವಾರ ಕಾಗದ ಕೊಡ್ಲಿಲ್ಲಂದ್ರ ಹೊಲ ಹೋಗ್ತದ. ಆಕಿ ಗೋರಿ ಮ್ಯಾಲ ಟ್ರ್ಯಾಕ್ಟರ್ ಹೊಡಿತಾನ."

ಮಧ್ಯಾಹ್ನ 12.15ಕ್ಕೆ ದಾಖಲೆ ಕೋಣೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು, ಬಸ್ತಾಗಳು, ಸೂರಿನ ತನಕ ಪೇರಿಸಿದ್ದವು. ಹಿಂದಿನ ದಿನ ಸಂಜೆ ಶೇಷಗಿರಿ ಬೂದೆಮ್ಮನ ಕಡತ ತೆಗೆದು ಮೊದಲ ಹಾಳೆ ಓದಿ ಹೇಳಿದ್ದರು. ಅವರ ತಂದೆ ಅವರಿಗೆ ಉರ್ದು ಕಲಿಸಿದ್ದರು. ಕೇಳಲು ಕೂತವರು ಇಬ್ಬರು: ಸುನಂದಾ, ಮತ್ತು ಅವಳ ಮನೆತನದ ವಂಶಾವಳಿ ಬರೆದಿಟ್ಟು ಓದುವ ಹೆಳವ ಗಡಿಗೆಪ್ಪ. ಹಳೆಯ ಹೆಸರುಗಳು ಗೊತ್ತಿರುವವನು ಬೇಕೆಂದು ಅವಳೇ ಕರೆದುಕೊಂಡು ಬಂದಿದ್ದಳು.

"ಏನು ಓದಿದ್ರಿ?" ಬಸವಪ್ರಸಾದ ಕೇಳಿದರು.

"ವಾದಿ ಬೂದೆಮ್ಮ. ಸಾಕ್ಷಿ ಹೆಸರು ಮೂರು. ಮೂರನೇದು ಹೆಳವ ಗಡಿಗೆಪ್ಪ."

"ನಿನ್ನೆ ಬಂದ ಹೆಳವನ ಹೆಸರಾ?"

"ಅಂವನ ಅಜ್ಜಂದ್ರೀ. ಅಜ್ಜನ ಹೆಸರ ಮೊಮ್ಮಗನಿಗೆ ಇಟ್ಟಾರ. ನಿಮ್ಮಜ್ಜ ನಮ್ಮ ಪರ ಹೇಳ್ಯಾನ ನೋಡೋ ಯಪ್ಪಾ ಅಂತ ಈ ತಂಗಿ ಖುಷಿಪಟ್ಲು. ಅಷ್ಟರಾಗ ಐದೂವರಿ ಆತು. ನಕಲು ನಾಳಿ ಕೊಡ್ತೀನಿ ಅಂದೆ, ಮುಂಜಾನಿ ಬಿಚ್ಚಿದ್ರ ಒಳಗಿನ ಹಾಳಿ ಮಾಯ."

"ಚನ್ನವೀರ ಈ ಕಡೆ ಬಂದಿದ್ನಾ?"

"ನಾಕು ಗಂಟಿಗೆ ವರಾಂಡದಾಗ ವಕೀಲರ ಜೋಡಿ ನಿಂತಿದ್ದ."

ಅಸ್ಮತ್ ಉಳಿದ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಹಾಳೆಗಳ ನಡುವೆ ಒತ್ತಾಗಿ ಐದು ಬಿಳಿಜೋಳದ ಕಾಳು ಕಂಡವು.

"ಇಲಿ ತಂದಿರಬೇಕು," ಎಂದರು ಶೇಷಗಿರಿ, ನಾಚಿಕೊಂಡು.

ಇಲಿ ತಂದರೆ ತಿನ್ನುತ್ತದೆ, ಹೊಟ್ಟು ಬಿಡುತ್ತದೆ. ಇವು ಇಡಿಯಾಗಿದ್ದವು. ಅಸ್ಮತ್ ಅವನ್ನು ಕವರಿಗೆ ಹಾಕಿ ಚೀಟಿ ಅಂಟಿಸಿದಳು.

"ರೊಟ್ಟಿ ಬಡಿತೀ ಏನವ್ವಾ?" ಬಸವಪ್ರಸಾದ ನಕ್ಕರು.

"ಹಸಿವಾದ್ರ ನೋಡೂಣ್ರೀ ಸರ್," ಎಂದಳು ಮೆಲ್ಲಗೆ.

ಮರುದಿನ 11 ಗಂಟೆಗೆ ಜೀಪು ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ ಚನ್ನವೀರನ ಅಕ್ಕಿ ಗಿರಣಿಯ ಮುಂದೆ ನಿಂತಿತು. ಅವನ ಮೀಸೆ, ಅಂಗಿ ಎಲ್ಲಾ ತೌಡಿನ ಧೂಳು.

"ಸೋಮವಾರ ಕೋರ್ಟಿಗೆ ಯಾಕ ಹೋಗಿದ್ದಿ?"

"ವಕೀಲ್ರ ಭೆಟ್ಟಿಗೆ. ಹಾಳಿ ಕಳುವು ಮಾಡಾಕಲ್ಲ. ನಾಕೂವರಿಗೆ ಬಸ್ ಹತ್ತೀನಿ, ಟಿಕೀಟ್ ಅದ ನೋಡ್ರಿ."

"ಆ ಹಾಳಿ ಹೋದ್ರ ಲಾಭ ನಿನಗ."

"ಲಾಭ ಹೆಂಗ್ರೀ? ಆ ಕೇಸ್‌ನಾಗ ಆಕಿ ಸೋತಾಳ. ನಮ್ಮ ಮುತ್ಯಾ ಹೇಳಿದ್ದ. ಆ ಹಾಳಿ ಸಿಕ್ರ ನಾನ ಮೊದಲು ಕೋರ್ಟಿಗೆ ಕೊಡ್ತೀನಿ!"

ಅಸ್ಮತ್ ಗಿರಣಿಯ ಅಂಗಳ ನೋಡುತ್ತಿದ್ದಳು. ಕಣ್ಣು ಹೋದಲ್ಲೆಲ್ಲ ಭತ್ತ. ಮೆಟ್ಟಿಲ ಮೇಲೆ, ಚಪ್ಪಲಿಯೊಳಗೆ, ಚನ್ನವೀರನ ಜೇಬಿನ ಅಂಚಿನಲ್ಲಿಯೂ ಭತ್ತವೇ.

ಜೀಪು ಹತ್ತಿದ ಮೇಲೆ ಅವಳು ಹೇಳಿದಳು: "ಸರ್, ಇಲ್ಲಿ ಕಾಲುವಿ ನೀರು, ಭತ್ತ. ಜೋಳ ದೇವದುರ್ಗ ಕಡೀದು."

"ಅಂದ್ರ ಸುನಂದಾನ ಕಳುವು ಮಾಡಿ ತಾನ ದೂರಿಗೂ ಬಂದ್ಳೇನು?"

"ಕೇಳೂಣ್ರೀ."

ದೇವದುರ್ಗ ದಾಟಿ ಅರಕೇರಾ ಮುಟ್ಟಿದಾಗ 3.20. ಸುನಂದಾ ಮನೆಮುಂದೆ ಜೋಳ ಹಸನು ಮಾಡುತ್ತಿದ್ದಳು. ಅಸ್ಮತ್ ಕವರು ತೋರಿಸಿದಳು. ಸುನಂದಾ ನೋಡಿದಳು, ಮೊರ ಹಿಡಿದ ಕೈ ನೆಲಕ್ಕೆ ಇಳಿಯಿತು.

"ಇವು ನಮ್ಮ ಮನಿ ಕಾಳು ಇದ್ದಂಗ ಅದಾವ. ಸೋಮವಾರ ಮುಂಜಾನಿ ಗಡಿಗೆಪ್ಪ ಕಾಕಾ ವಂಶ ಓದಿದ. ಪುಸ್ತಕ ಮುಚ್ಚುವಾಗ ಐದು ಕಾಳು ಬೇಡ್ತಾನ. ಆ ಮನಿ ಕಾಳು ಒಳಗ ಇಡದ ಆ ಮನಿ ಹೆಸರು ಮುಚ್ಚಬಾರದಂತ, ಅವರ ಮನಿ ಪದ್ಧತಿ. ನಾನು ಬೊಗಸಿ ತುಂಬ ಕೊಟ್ಟೆ, ಉಳಿದದ್ದು ಧೋತರದ ಸೆರಗಿನ್ಯಾಗ ಕಟ್ಕೊಂಡ."

"ಕೋರ್ಟಿನ್ಯಾಗ ಬಸ್ತಾ ಕಟ್ಟಿದವರು ಯಾರು?"

"ನಾನು ಅರ್ಜಿಗೆ ಹಚ್ಚೂ ಸ್ಟ್ಯಾಂಪ್ ತರಾಕ ಹೋಗಿದ್ದೆ. ಶೇಷಗಿರಿಯವ್ರು ಕಿಟಕಿ ಹಾಕಾಕತ್ತಿದ್ರು. ಕಾಕಾನ..." ಅವಳು ಅಲ್ಲಿಗೇ ನಿಲ್ಲಿಸಿದಳು. "ಇಲ್ಲ ಬಿಡ್ರಿ. ಆತ ಯಾಕ ಮಾಡ್ತಾನ? ಅವರಜ್ಜ ನಮ್ಮ ಸಾಕ್ಷಿ!"

ಊರ ಹೊರಗೆ ಬೇವಿನ ಮರದಡಿ ಗಡಿಗೆಪ್ಪನ ಗುಡಾರ. ಎತ್ತಿಗೆ ನೀರು ಕುಡಿಸುತ್ತಿದ್ದ ಮುದುಕ ಜೀಪು ಕಂಡು ಬಕೆಟ್ ಕೆಳಗಿಟ್ಟ. ಓಡಲಿಲ್ಲ.

"ಕೋರ್ಟಿನ ಹಾಳಿ ಎಲ್ಲಿ ಅದಾವ?"

"ಪುಸ್ತಕದಾಗ ಅದಾವ್ರೀ."

"ಸುಡಲಿಲ್ಲ ಯಾಕ?"

"ಹೆಸರು ಬರ್ದ ಕಾಗದ ಹೆಳವ ಸುಡ್ತಾನೇನ್ರೀ? ಬಸ್ತಾ ಕಟ್ಟುವಾಗ ಸುದ್ದಾ ಕಾಳು ಇಟ್ಟ ಮುಚ್ಚೀನಿ."

ಜೀಪಿನ ಹಿಂದೆಯೇ ಬಂದಿದ್ದ ಸುನಂದಾ ಮತ್ತು ಇಬ್ಬರು ಪಂಚರ ಎದುರು ಸಂಜೆ 4.05ಕ್ಕೆ ಪುಸ್ತಕದ ಕೆಂಪು ವಸ್ತ್ರ ಬಿಚ್ಚಿದರು. ವಂಶಾವಳಿ ಪುಸ್ತಕದೊಳಗೆ ನಾಲ್ಕು ಹಾಳೆ ಮಡಿಕೆಯಿಲ್ಲದೆ ಇದ್ದವು. ಅಜ್ಜಿಯಿಂದ ಉರ್ದು ಕಲಿತಿದ್ದ ಅಸ್ಮತ್ ಬೆರಳು ತಾಗಿಸದೆ, ನಿಧಾನವಾಗಿ ಓದಿ ಹೇಳಿದಳು. ಬೂದೆಮ್ಮನ ಹೇಳಿಕೆ: ದೊಡ್ಡಪ್ಪ ಐದು ಜನರ ಮುಂದೆ ನನಗೆ ಸೀರೆ ಉಡಿಸಿದ, ನಾನು ಅವನ ಹೆಂಡತಿ. ಕೆಳಗೆ ರುಜುವಿನ ಬದಲು ಮಸಿಯಲ್ಲಿ ಒತ್ತಿದ ಒಂದು ಬಳೆಯ ಸುತ್ತು. ಸುನಂದಾಳ ಕಣ್ಣು ಆ ಸುತ್ತಿನಿಂದ ತನ್ನ ಮಣಿಕಟ್ಟಿಗೆ ಹೋಯಿತು.

ಅಸ್ಮತ್ ಮುಂದಿನ ಹಾಳೆಗೆ ಬಂದು ತಡೆದಳು.

"ಓದು," ಎಂದರು ಬಸವಪ್ರಸಾದ.

"ಮೂರನೇ ಸಾಕ್ಷಿ ಗಡಿಗೆಪ್ಪ: ನನ್ನ ಪುಸ್ತಕದಲ್ಲಿ ಬೂದೆಮ್ಮ ಎಂಬ ಹೆಸರಿಲ್ಲ. ಅದರ ಮೇಲೆ ದಾವೆ ವಜಾ."

ಗಡಿಗೆಪ್ಪ ಸುನಂದಾಳ ಮುಖ ನೋಡದೆ ಹೇಳಿದ: "ದೊಡ್ಡಪ್ಪನ ತಮ್ಮಂದಿರು ಊರಾಗ ಗುಡಾರ ಹಾಕಗೊಡಂಗಿಲ್ಲ ಅಂದ್ರಂತ. ಅಜ್ಜ ಹೆದರಿದ. ಸಾಯುವಾಗ ನಮ್ಮಪ್ಪಗ ಹೇಳಿ ಅತ್ತ. ನಿನ್ನ ಎದುರು ಆ ಕೋರ್ಟಿನ ಸಾಹೇಬ್ರು ಅದನ್ನ ಓದಿದ್ರ ನಿನ್ನ ಹೊಲನೂ ಹೋಗ್ತಿತ್ತು, ನಮ್ಮ ಬಾಯಿನೂ ಹೋಗ್ತಿತ್ತು. ಹೆಳವನ ಬಾಯಾಗ ಒಂದು ಸುಳ್ಳು ಬಂತಂದ್ರ ಮುಂದ ಯಾವ ಮನ್ಯಾಗ ಕೂಡಸ್ತಾರವ್ವಾ?"

"ಹೆಸರು ಇರಲೇ ಇಲ್ಲೇನು?" ಸುನಂದಾಳ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

ಮುದುಕ ಪುಸ್ತಕದ ಒಂದು ಪುಟ ಎತ್ತಿ ಬಿಸಿಲಿಗೆ ಹಿಡಿದ. ದೊಡ್ಡಪ್ಪನ ಹೆಸರಿನ ಪಕ್ಕ ಅಂಟಿಸಿದ ಕಾಗದದ ತುಂಡಿತ್ತು. ಅದರ ಹಿಂದಿನಿಂದ ಹಳೆಯ ಮಸಿ ಮೂಡಿ ಬಂತು: ಉಡಿಕಿ ಹೆಂಡತಿ ಬೂದೆಮ್ಮ.

"ಅಜ್ಜ ಮುಚ್ಚಿದ, ಅಳಸಲಿಲ್ಲ."

ಬಸವಪ್ರಸಾದ ಬಗ್ಗಿ ಆ ಪುಟ ನೋಡಿದರು. "ಇದನ್ನೂ ಜಪ್ತಿ ಮಾಡ್ಬೇಕಾಗ್ತದ. ಕೋರ್ಟಿಗೆ ಹೋಗ್ತದ."

"ಸೋಮವಾರದೊಳಗ ಹೋಗ್ತದೇನ್ರೀ?" ಎಂದ ಗಡಿಗೆಪ್ಪ. "ನನ್ನೂ ಒಯ್ರಿ. ಅದೇ ಕಟಕಟ್ಯಾಗ ನಿಂತು ಅಜ್ಜ ಹೇಳಿದ್ದು ಸುಳ್ಳು ಅಂತ ಹೇಳ್ತೀನಿ. ಹೆಸರೂ ಅದೇ ಅದ ಅಲಾ, ಗಡಿಗೆಪ್ಪ."

4.50ಕ್ಕೆ ಬಂಧನ ದಾಖಲಾಯಿತು. ಜಪ್ತಿ ಪಂಚನಾಮೆಯಲ್ಲಿ ಅಸ್ಮತ್ ಪುಸ್ತಕದ ಅಳತೆ, ಪುಟಗಳ ಸಂಖ್ಯೆ, ಅಂಟಿಸಿದ ತುಂಡು, ಎಲ್ಲವನ್ನೂ ಬರೆದಳು. ಜೀಪು ಹತ್ತುವ ಮೊದಲು ಮುದುಕ ಒಮ್ಮೆ ತಿರುಗಿದ. ಪುಸ್ತಕ ಇನ್ನೂ ತೆರೆದೇ ಇತ್ತು. ಬಾಯಿಬಿಟ್ಟು ಕಾಳು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಸುನಂದಾ ಮನೆಯ ಕಡೆ ನಡೆದುಹೋದಳು. ಸಿಟ್ಟಿನಿಂದ ಹೋದಳೆಂದು ಎಲ್ಲರೂ ತಿಳಿದರು. ಐದು ನಿಮಿಷಕ್ಕೆ ಮುಷ್ಟಿ ಮುಚ್ಚಿಕೊಂಡು ವಾಪಸು ಬಂದು, ಬೂದೆಮ್ಮನ ಪುಟದ ಮೇಲೆ ಒಂದೊಂದೇ ಕಾಳು ಇಟ್ಟಳು. ಬಸವಪ್ರಸಾದ ಅತ್ತ ಮುಖ ತಿರುಗಿಸಿ ನಿಂತರು.

ಅಸ್ಮತ್ ಪೆನ್ನಿನ ಮುಚ್ಚಳ ಮತ್ತೆ ತೆಗೆದು ಪಂಚನಾಮೆಗೆ ಒಂದು ಸಾಲು ಸೇರಿಸಿದಳು: ಪುಟಗಳ ನಡುವೆ ಬಿಳಿಜೋಳದ ಕಾಳು, ಐದು.