ಕೋಳಿಬುಟ್ಟಿಯ ಮೊಳೆ

ಢಂ ಎಂದು ಆಕಾಶವೇ ಒಡೆದಂಥ ಸದ್ದಾಯಿತು. ತರಗತಿಯ ಕಿಟಕಿಗಳು ಗಡಗಡ ಅಲುಗಿದವು. ರಶ್ಮಿತಾ ಬೆಚ್ಚಿಬಿದ್ದ ರಭಸಕ್ಕೆ ಅವಳ ಬ್ಯಾಟರಿಯ ತಂತಿ ಕಳಚಿ, ಮೊಳೆಗೆ ಅಂಟಿಕೊಂಡಿದ್ದ ಗುಂಡುಸೂಜಿಗಳೆಲ್ಲ ಉದುರಿದವು.

ಹೊರಗೆ ಒಳ್ಳೆ ಬಿಸಿಲು. ಮೋಡದ ಸುಳಿವೇ ಇಲ್ಲ. ಆದರೂ ಗುಡುಗು!

ಉಳಿದ ಮಕ್ಕಳು ಕಿಟಕಿಗೆ ಓಡಿದರು. ರಶ್ಮಿತಾ ಮಾತ್ರ ಮೊಳೆಯನ್ನೇ ನೋಡುತ್ತ ಕೂತಳು. ಕಾವಿಗೆ ಕೂತ ಕೋಳಿಯ ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇರಬೇಕು, ಇಲ್ಲದಿದ್ದರೆ ಗುಡುಗಿಗೆ ಮೊಟ್ಟೆ ಹಾಳಾಗುತ್ತದೆ ಎಂದು ಅಮ್ಮು ಅಜ್ಜಿಯ ನಂಬಿಕೆ. ಅದಕ್ಕೆಂದೇ ಅಜ್ಜಿ ಇಟ್ಟಿದ್ದ ದೊಡ್ಡ ಮೊಳೆಯನ್ನು ಈ ಹುಡುಗಿ ನಿನ್ನೆ ಸಂಜೆ ಮೆಲ್ಲನೆ ಎಗರಿಸಿದ್ದಳು. ತರಗತಿಯಲ್ಲಿ ತಂತಿ ಸುತ್ತಿ ಮ್ಯಾಗ್ನೆಟ್ ಮಾಡಲು ಅಷ್ಟು ಒಳ್ಳೆಯ ಮೊಳೆ ಇನ್ನೆಲ್ಲಿ ಸಿಗಬೇಕು? ಮರಿಗಳು ಇಂದೋ ನಾಳೆಯೋ ಹೊರಬರುವುದರಲ್ಲಿದ್ದವು.

ಅದು ಗುಡುಗಲ್ಲ, ಜೆಟ್ ವಿಮಾನ ಎಂದರು ಹರಿನಾರಾಯಣ ಮಾಸ್ಟ್ರು. ವಿಮಾನ ತನ್ನ ಸದ್ದಿಗಿಂತ ವೇಗವಾಗಿ ಹಾರಿದರೆ ಸದ್ದು ಅದರ ಮುಂದೆ ಹೋಗಲಾರದು. ಎಲ್ಲ ಒಂದರ ಮೇಲೊಂದು ಒತ್ತಿಕೊಂಡು ಒಂದೇ ದೊಡ್ಡ ಅಲೆಯಾಗುತ್ತದೆ. ದೋಣಿ ದಾಟಿ ಹೋದ ಮೇಲೆ ಅದರ ಅಲೆ ದಡಕ್ಕೆ ಬಡಿಯುವ ಹಾಗೆ, ವಿಮಾನ ಹೋದ ಮೇಲೆ ಈ ಅಲೆ ನಮ್ಮ ಕಿವಿಗೆ ಬಡಿಯುತ್ತದೆ.

"ಸರ್, ಅದಕ್ಕೆ ಕೋಳಿಮೊಟ್ಟೆ ಹಾಳಾಗ್ತದಾ?"

ಎಲ್ಲರೂ ಕಿಸಕ್ಕೆಂದರು. ಮಾಸ್ಟ್ರು ನಗಲಿಲ್ಲ. "ಮೊಟ್ಟೆಗೆ ಎಂತದೂ ಆಗುದಿಲ್ಲ. ಕೋಳಿ ಹೆದರಿ ಎದ್ದು ಹೋದ್ರೆ ಕಷ್ಟ. ಮೊಟ್ಟೆ ತಣ್ಣಗಾಗ್ತದೆ."

ಸಂಜೆ ಹೊಸಂಗಡಿಯಲ್ಲಿ ಬಸ್ಸಿಳಿದವಳು ಮನೆಯವರೆಗೂ ಓಡಿದಳು. ಬುಟ್ಟಿ ಅದರ ಜಾಗದಲ್ಲಿರಲಿಲ್ಲ.

ಅಜ್ಜಿ ಒಲೆಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಬುಟ್ಟಿ, ಮೊಟ್ಟೆಗಳ ಮೇಲೆ ಅವಳ ಹಳೆಯ ಸೀರೆ. ಸದ್ದಿಗೆ ಹೆದರಿ ಹಾರಿಹೋಗಿದ್ದ ಕೋಳಿ ಈಗಷ್ಟೇ ಬಾಗಿಲಿಗೆ ಬಂದು, ಒಳಗೆ ಬರಲೋ ಬೇಡವೋ ಎಂದು ಕತ್ತು ಕೊಂಕಿಸುತ್ತಿತ್ತು. ಅಜ್ಜಿ ಆಗಿನಿಂದ ಊಟಕ್ಕೂ ಎದ್ದಿರಲಿಲ್ಲ.

ರಶ್ಮಿತಾ ಚೀಲದಿಂದ ಮೊಳೆ ತೆಗೆದಳು. ಕಣ್ಣು ತುಂಬಿ ಬಂತು. "ನಾನೇ ತೆಗೆದದ್ದು ಅಜ್ಜಿ."

"ನಂಗೆ ನಿನ್ನೆಯೇ ಗೊತ್ತುಂಟು." ಅಜ್ಜಿ ಸೀರೆ ಸರಿಸಿದಳು. ಮೊಟ್ಟೆಗಳ ನಡುವೆ ಕಪಾಟಿನ ಕಬ್ಬಿಣದ ಬೀಗದ ಕೈ ಇತ್ತು. "ಶಾಲೆಗೆ ಬೇಕಿತ್ತಲ್ಲ ನಿಂಗೆ. ಕೇಳಿದ್ರೆ ನಾನೇ ಕೊಡ್ತಿದ್ದೆ."

ಅದು ಗುಡುಗಲ್ಲ, ಕಬ್ಬಿಣ ಬೇಕಾಗಿಯೇ ಇರಲಿಲ್ಲ ಎಂದು ಹೇಳಲು ರಶ್ಮಿತಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಈಗ ಅದನ್ನು ನಾಳೆ ಹೇಳಿದರೂ ಆದೀತು ಎನಿಸಿತು. ಅಜ್ಜಿ ಒಂದು ಮೊಟ್ಟೆಯನ್ನು ಅವಳ ಕಿವಿಗೆ ಹಿಡಿದಳು. ಒಳಗಿನಿಂದ ಟಿಕ್, ಟಿಕ್ ಎಂದು ಕೇಳಿಸಿತು.

ರಶ್ಮಿತಾ ಮೊಳೆಗೆ ಸುತ್ತಿದ್ದ ತಂತಿ ಬಿಚ್ಚಿದಳು. ಸದ್ದಾಗದಂತೆ ಮೊಳೆಯನ್ನು ಬೀಗದ ಕೈಯ ಪಕ್ಕ ಇಟ್ಟು, ಬುಟ್ಟಿಯನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

"ಊಟ ಮಾಡಿ ಬಾ ಅಜ್ಜಿ. ನಾನು ಕೂತ್ಕೊಳ್ತೇನೆ."