ರಂಗೋಲಿ ಬಿಟ್ಟು ಅಗೆದ ತಗ್ಗು

2025ರ ಫೆಬ್ರವರಿ 21, ಶುಕ್ರವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಗೋವಾದ ವಾಸ್ಕೋ ಠಾಣೆಯ ಮೆಟ್ಟಿಲು ಹತ್ತಿ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ಸುಂದರವ್ವ. ಮೂಲ ವಿಜಯಪುರದ ಕಡೆ, ಈಗ ಕೊರ್ತಾಲಿಮ್‌ನಲ್ಲಿ ತಗಡಿನ ಶೆಡ್ಡಿನಲ್ಲಿ ವಾಸ. ಹಿಂದಿನ ದಿನ ಅವಳ ಗಂಡ ಮಲಕಪ್ಪ ಖಾರ್ವಿ ಓಣಿಯಲ್ಲಿ ರಸ್ತೆ ಅಗೆಯುವಾಗ ಕರೆಂಟು ಹೊಡೆದು ಸತ್ತಿದ್ದ. ಆಸ್ಪತ್ರೆಯವರು ತಿಳಿಸಿದ ಮೇಲೆ ಪೊಲೀಸರು ಅಸಹಜ ಸಾವು ಎಂದು ಬರೆದುಕೊಂಡಿದ್ದರು. ಅಷ್ಟಕ್ಕೇ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದರು.

ಇನ್‌ಸ್ಪೆಕ್ಟರ್ ಗುರುಕಿರಣ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಸಾಹೇಬ್ರ, ಅಂವ ಕುಡದಿದ್ದ ಅಂತ ಸುಪರ್‌ವೈಜರ್ ಎಲ್ಲಾರ ಮುಂದ ಹೇಳಾಕತ್ತಾನ್ರಿ. ನಮ್ಮ ಯಜಮಾನ ಕುಡಿಯೂದಿಲ್ರಿ."

"ಎಂದೂ?"

"ಮದಿವಿ ದಿನಾನೂ ಕುಡದಿಲ್ರಿ. ಹೆಣಾ ಊರಿಗೆ ಒಯ್ಯಬೇಕು. ಕುಡದು ಸತ್ತ ಅಂದ್ರ ಮಣ್ಣಿಗೆ ಬಂದ ಮಂದಿ ಮಾರಿ ತಿರವ್ತಾರ್ರಿ."

"ಈಗ ನಿಮಗೇನು ಬೇಕು?"

"ಕುಡದಿದ್ದಿಲ್ಲ ಅಂತ ಬರದ ಕೊಡ್ರಿ. ಅಷ್ಟ ಸಾಕ್ರಿ."

ತನಿಖೆ ಮಾಡದೆ ಹಾಗೆ ಬರೆದುಕೊಡಲು ಬರುವುದಿಲ್ಲ ಎಂದು ಗುರುಕಿರಣ ಹೇಳಿದರು. ಅವರ ತಾಯಿ ಕಾರವಾರದವರು, ಕನ್ನಡ ಬಲ್ಲವರು. ಅವಳ ಮಾತನ್ನು ತಾವೇ ಬರೆದುಕೊಂಡು, ನಿರ್ಲಕ್ಷ್ಯದಿಂದ ಸಾವು ಎಂಬ ಕಲಮಿನಡಿ ಎಫ್‌ಐಆರ್ ದಾಖಲಿಸಿದರು. ಕಾನ್‌ಸ್ಟೇಬಲ್ ಮುಜಫ್ಫರ ಮತ್ತು ಮಹಿಳಾ ಕಾನ್‌ಸ್ಟೇಬಲ್ ಶ್ವೇತಾ ಜೀಪು ಹತ್ತಿದರು.

ಖಾರ್ವಿ ಓಣಿಯಲ್ಲಿ ಜೀಪು ಒಳಗೆ ಹೋಗುವ ಹಾಗಿರಲಿಲ್ಲ. ಕಂಬದ ಮೇಲಿನ ತಂತಿಗಳನ್ನು ನೆಲದೊಳಗೆ ಇಳಿಸುವುದು, ಹಳೆಯ ನೀರಿನ ಪೈಪು ಕಿತ್ತು ಹೊಸದು ಹಾಕುವುದು, ಕೊನೆಗೆ ಹೊಸ ಡಾಂಬರು ಹಾಕುವುದು ಎಂದು ದೀಪಾವಳಿಯಿಂದ ಕೆಲಸ ನಡೆದಿತ್ತು. ಮನೆಮನೆಯ ಮುಂದೆ ತಗ್ಗು, ತಗ್ಗಿಗೆ ಅಡ್ಡ ಹಲಗೆ. ಗ್ಯಾಸಿನವನು ಸಿಲಿಂಡರನ್ನು ಓಣಿಯ ಬಾಯಲ್ಲೇ ಇಳಿಸಿ ಹೋಗುತ್ತಿದ್ದ. ಒಗೆದ ಬಟ್ಟೆಯ ಮೇಲೆಲ್ಲ ಕೆಂಪು ಧೂಳು.

ಮೂಲೆಯ ಚಹಾದಂಗಡಿಯ ಹೀರಪ್ಪನನ್ನು ಪಂಚನಾಮೆಗೆ ಸಾಕ್ಷಿಯಾಗಿ ಕರೆದರು.

"ರಸ್ತಾ ಮಾಡಾಕತ್ತಾರೋ, ನಿಧಿ ಹುಡುಕಾಕತ್ತಾರೋ ತಿಳೀವಲ್ದು ಸಾಹೇಬ್ರ," ಎಂದ ಅವನು, ಕೈ ಒರೆಸಿಕೊಳ್ಳುತ್ತ.

ತಗ್ಗು ಓಣಿಯ ಉದ್ದಕ್ಕೂ ದಾರ ಹಿಡಿದಷ್ಟು ನೇರವಾಗಿತ್ತು. ಬಂದರು ಕಚೇರಿಯ ನಿವೃತ್ತ ಗುಮಾಸ್ತ ವ್ಯಾಸರಾಜ ಅವರ ಬಾಗಿಲ ಮುಂದೆ ಮಾತ್ರ ರಸ್ತೆಯ ಕಡೆಗೆ ಬಾಗಿ ಹೋಗಿ, ಅಲ್ಲಿಯೇ ನಿಂತಿತ್ತು. ಸಾವು ಆಗಿದ್ದು ಅಲ್ಲಿ.

ಸುಪರ್‌ವೈಜರ್ ಪರಶು ಬೆರಳು ತೋರಿಸಿದ. "ನೋಡ್ರಿ ಸಾಹೇಬ್ರ, ಹಾವು ಹರದಂಗ ಅಗದಾನ. ಬಿಳಿ ಗೆರಿ ಮ್ಯಾಲೆ ಅಗಿ ಅಂದಿದ್ದೆ. ಕೆಂಪು ಗೆರಿ ಕೆಳಗ ಹಳೇ ಕೇಬಲ್ ಐತಿ, ಮುಟ್ಟಬ್ಯಾಡ ಅಂದಿದ್ದೆ. ಹೋಶ್‌ನ್ಯಾಗ ಇದ್ದಾಂವ ಹಿಂಗ ಅಗೀತಾನೇನ್ರಿ?"

"ಕೆಂಪು ಗೆರೆ ಎಲ್ಲಿ?"

ಪರಶು ಬಗ್ಗಿ ನೋಡಿದ. ಆಚೆ ಮನೆಯ ಮುಂದೆ ಕೆಂಪು ಗೆರೆ ಇತ್ತು, ಈಚೆ ಮನೆಯ ಮುಂದೆಯೂ ಇತ್ತು. ನಡುವೆ ಇರಲಿಲ್ಲ.

"ಹೊಡದಿದ್ದೆ ಸಾಹೇಬ್ರ. ಖರೇನ ಹೊಡದಿದ್ದೆ. ಕೇಬಲ್ ಹೊರಳೂ ಕಡೆ ಇಂಗ್ಲಿಷ್ ಎಕ್ಸ್‌ನಂಗ ದೊಡ್ಡ ಕಾಟೂ ಹಾಕಿದ್ದೆ."

"ಅಗೆಯುವಾಗ ಕರೆಂಟು ಬಂದ್ ಮಾಡಿಸಿದ್ದೆಯಾ?"

"ದಿನಾ ತಗದ್ರ ಓಣಿ ಮಂದಿ ಮೈಮ್ಯಾಲೆ ಬರ್ತಾರ್ರಿ. ಗೆರಿ ಐತಲ್ಲ ಅಂತ…"

ಶ್ವೇತಾ ನೆಲ ಮುಟ್ಟಿ ನೋಡುತ್ತಿದ್ದಳು. ಬಾಗಿಲಿನಿಂದ ರಸ್ತೆಯ ಅರ್ಧದವರೆಗೆ ಸೆಗಣಿ ಸಾರಿಸಿತ್ತು. ನೀರಿನಂತೆ ತೆಳ್ಳಗಲ್ಲ, ಮಣ್ಣಿನ ಮನೆಗೆ ಸಾರಿಸುವಷ್ಟು ದಪ್ಪಗೆ. ಒಣಗಿ ಹಪ್ಪಳದಂತೆ ಎದ್ದಿತ್ತು. ಅದರ ಮೇಲೆ ಬಾಗಿಲ ಕಡೆಗೆ ದೊಡ್ಡ ರಂಗೋಲಿ, ತೊಟ್ಟಿಲಿನ ಚಿತ್ತಾರ. ಅಗೆಯಬೇಕಾದ ಬಿಳಿ ಗೆರೆ ಅದರ ಕೆಳಗೆ ಹೋಗಿತ್ತು. ಸುತ್ತ ಮಣ್ಣು ರಾಶಿ ಬಿದ್ದಿದ್ದರೂ ರಂಗೋಲಿಯ ಒಂದು ಎಳೆ ಕೆಟ್ಟಿರಲಿಲ್ಲ.

"ಸರ್, ತಗ್ಗು ಹಾವಿನ ಹಾಗೆ ಹೋಗಿಲ್ಲ," ಎಂದಳು ಶ್ವೇತಾ. "ರಂಗೋಲಿ ಸುತ್ತಿಕೊಂಡು ಹೋಗಿದೆ."

ಗುರುಕಿರಣ ಹೀರಪ್ಪನಿಂದ ಒಂದು ಬಕೆಟ್ ನೀರು ತರಿಸಿದರು. ರಂಗೋಲಿಯ ಆಚೆ, ತಗ್ಗಿನ ಅಂಚಿಗೆ ಸುರಿದು ಕಸಬರಿಗೆಯಿಂದ ತಿಕ್ಕಿಸಿದರು. ಸೆಗಣಿ ಕರಗಿ ಹರಿಯಿತು. ಕೆಳಗೆ ಕೆಂಪು ಗೆರೆ ಕಂಡಿತು. ಇನ್ನೊಂದು ಬಕೆಟ್ಟಿಗೆ ಅರ್ಧ ಕಾಟೂ ಕಂಡಿತು. ಉಳಿದರ್ಧ ತಗ್ಗಿನ ಪಾಲಾಗಿತ್ತು. ಮುಜಫ್ಫರ ಫೋಟೋ ತೆಗೆದ. ಪಂಚನಾಮೆಯಲ್ಲಿ ಬರೆದರು: ಗುರುತು ಅಳಿಸಿಲ್ಲ, ಮುಚ್ಚಲಾಗಿದೆ.

ಬಾಗಿಲು ತೆರೆದವರು ವ್ಯಾಸರಾಜರ ಹೆಂಡತಿ ಮೃಣಾಲಿನಿ. ಧಾರವಾಡದ ಕಡೆಯವರು.

"ಸೆಗಣಿ ಸಾರಿಸಿದ್ದು ನೀವೇ?"

"ಹೌದ್ರಿ. ನಿನ್ನೆ ನಮ್ಮ ಸೊಸಿ ಕುಬಸ ಇತ್ತು. ಶುಭಕಾರ್ಯಕ್ಕ ಸಾರಸೂದು ನಮ್ಮ ಪದ್ಧತಿ."

"ಕೆಂಪು ಗೆರೆ ಇದ್ದದ್ದು?"

"ನಸುಕಿನ್ಯಾಗ ಸಾರಸಿದೆ. ನೋಡಿಲ್ರಿ."

"ಅಗೆಯಲು ಬಂದವನನ್ನು?"

"ನಾವು ಒಳಗ ಅಡಗಿ ಗದ್ದಲದಾಗ ಇದ್ವಿ. ಆ ಮನುಷ್ಯಾನ್ನೂ ನೋಡಿಲ್ರಿ." ಅವರು ಮಹಡಿಯ ಕಡೆ ಕಣ್ಣು ಹಾಯಿಸಿದರು. "ಮೆತ್ತಗ ಮಾತಾಡ್ರಿ. ಆಕಿ ಬಸುರಿ. ಆ ಅಗಿಯೂ ಮನುಷ್ಯಾ ದವಾಖಾನ್ಯಾಗ ಗುಣಾ ಆಗ್ಲಿಕತ್ತಾನ ಅಂತ ಆಕಿಗೆ ಹೇಳೇವಿ."

ಸೀಮಂತಕ್ಕೆ, ಹಬ್ಬ ಹುಣ್ಣಿಮೆಗೆ ಸಾರಿಸುವುದು ಅಪರಾಧವಲ್ಲ. ಗೆರೆ ಕಾಣದೆ ಸಾರಿಸಿದ್ದರೆ ಕೇಸು ಅಲ್ಲಿಗೆ ನಿಲ್ಲುತ್ತಿತ್ತು. ಗುರುಕಿರಣ ಬಲವಂತ ಮಾಡಲಿಲ್ಲ, ಹಿಂದಿರುಗಿದರು.

ಶನಿವಾರ ಬೆಳಿಗ್ಗೆ ಶವಪರೀಕ್ಷೆ ಮಾಡಿದ ವೈದ್ಯರು ಫೋನು ಮಾಡಿದರು. ಸಾವು ಕರೆಂಟಿನಿಂದಲೇ. ಮದ್ಯದ ವಾಸನೆ ಕೂಡ ಇಲ್ಲ. ಹೊಟ್ಟೆಯಲ್ಲಿ ಇನ್ನೂ ಅರಗದ ಕಡಲೆಬೇಳೆ, ಬೆಲ್ಲ, ಗೋಧಿ ಹಿಟ್ಟು. ಸಾಯುವುದಕ್ಕೆ ಸ್ವಲ್ಪವೇ ಮುಂಚೆ ತಿಂದದ್ದು.

ಗುರುಕಿರಣ ಸುಂದರವ್ವನನ್ನು ಕರೆಸಿದರು.

"ಅವತ್ತು ಬುತ್ತಿಗೆ ಏನು ಕಟ್ಟಿದ್ದಿರಿ?"

"ರೊಟ್ಟಿ, ಶೇಂಗಾ ಚಟ್ನಿ."

"ಹೋಳಿಗೆ?"

"ಹೋಳಿಗಿ ಎಲ್ಲಿಂದ್ರಿ ಸಾಹೇಬ್ರ. ಯುಗಾದಿ ಇನ್ನೂ ದೂರ ಐತಿ."

ಮಲಕಪ್ಪನ ಚೀಲವನ್ನು ಮುಜಫ್ಫರ ಬಿಚ್ಚಿ ತೋರಿಸಿದ. ರೊಟ್ಟಿಯ ಗಂಟು ಕಟ್ಟಿದ ಹಾಗೆಯೇ ಇತ್ತು. ಸುಂದರವ್ವ ಅದನ್ನು ಮುಟ್ಟಿ, ಮತ್ತೆ ಅಲ್ಲೇ ಇಟ್ಟಳು.

ಮಧ್ಯಾಹ್ನ ಪೊಲೀಸರು ಮತ್ತೆ ಆ ಮನೆಯ ಹಲಗೆ ದಾಟಿದರು. ಈ ಸಲ ಗುರುಕಿರಣ ಒಂದೇ ಪ್ರಶ್ನೆ ಕೇಳಿದರು.

"ಮೃಣಾಲಿನಿ ಬಾಯಿ, ಕುಬಸಕ್ಕೆ ಏನು ಸಿಹಿ ಮಾಡಿದ್ದಿರಿ?"

ಅವರು ಸೆರಗಿನ ತುದಿ ಹಿಡಿದುಕೊಂಡರು. ವ್ಯಾಸರಾಜ ಪತ್ರಿಕೆ ಕೆಳಗಿಟ್ಟು ಎದ್ದು ಬಂದರು.

"ಸಾಹೇಬರೆ, ಸೆಗಣಿ ಸಾರಿಸಿದ್ದು ನಾನು. ಏನಿದ್ದರೂ ನನ್ನ ಹೆಸರು ಬರಕೊಳ್ರಿ."

"ಸುಮ್ಮನಿರ್ರಿ," ಎಂದರು ಮೃಣಾಲಿನಿ. "ಹುಟ್ಟಿದಾಗಿಂದ ಒಂದು ಕಸಾ ಹೊಡದವರಲ್ಲ, ಸೆಗಣಿ ಸಾರಿಸಿದ್ರಂತ. ಯಾರರ ನಂಬತಾರೇನು?"

ಆಮೇಲೆ ನೆಲ ನೋಡುತ್ತ ಹೇಳತೊಡಗಿದರು. ಶ್ವೇತಾ ಬರೆದುಕೊಂಡಳು.

"ನಮ್ಮ ಸೊಸಿ ಗೌತಮಿಗೆ ಎರಡು ಬಸರು ಇಳದು ಹೋದ್ವು. ಇದು ಮೂರನೇದು, ನಿಂತದ. ಕುಬಸದ ಹಿಂದಿನ ದಿನ ಸಂಜಿಗೆ ಬಾಗಿಲಾ ತಗೀತೀನಿ, ಎದುರಿಗೆ ಕೆಂಪು ಕಾಟು. ಹೆಸರು ಹೊಡದು ಹಾಕತಾರಲ್ಲ, ಹಂಗ. ಹೊಸ್ತಿಲಕ್ಕ ನೆಟ್ಟಗ. ನನ್ನ ಜೀವಾ ಹಾರಿ ಹೋತು. ಆಕಿ ನೋಡೂದ್ರೊಳಗ ಮುಚ್ಚಬೇಕು ಅಂತ ನಸುಕಿನ್ಯಾಗ ಎದ್ದು ಸೆಗಣಿ ಬಳದೆ."

"ಅದು ಯಾತರ ಗುರುತು ಎಂದು ಗೊತ್ತಿತ್ತಾ?"

"ರಸ್ತಾದವರದು ಅಂತ ಗೊತ್ತಿತ್ತು. ಕರೆಂಟಿಂದು ಅಂತ ಗೊತ್ತಿದ್ದಿಲ್ರಿ. ಯಾರನ್ನರ ಕೇಳಬೇಕಿತ್ತು. ಕೇಳಲಿಲ್ಲ."

"ಮಲಕಪ್ಪ ಬಂದಾಗ?"

"ತಮ್ಮಾ, ಇವತ್ತೊಂದಿನ ನಮ್ಮ ಬಾಗಲ ಮುಂದ ಅಗೀಬ್ಯಾಡಪಾ ಅಂದೆ. ಆಗೂದಿಲ್ಲವ್ವಾ, ಸುಪರ್‌ವೈಜರ್ ಬೈತಾನ ಅಂದ. ರಂಗೋಲಿ ನೋಡಿ ನಿಂತ. ಕುಬಸೇನವ್ವಾ ಅಂತ ಕೇಳಿದ. ಹೌದು ಅಂದೆ. ಹಂಗಾರ ತೊಟ್ಟಲಾ ತುಳಿಯೂದಿಲ್ಲವ್ವಾ, ಆಚೆ ಸರದು ಅಗೀತೀನಿ ಅಂದ. ನಾ ಖುಷಿ ಆಗಿ ಹೋಳಿಗಿ ಕೊಟ್ಟೆ. ಇಲ್ಲೇ ಪಾವಟಿಗಿ ಮ್ಯಾಲೆ ಕೂತು ತಿಂದ."

ಆಚೆ ಸರಿದಲ್ಲೇ, ಸೆಗಣಿಯ ಕೆಳಗೆ ಕೇಬಲ್ಲಿನ ಗೆರೆ ಇತ್ತು.

"ಸತ್ತದ್ದು ಯಾವಾಗ ತಿಳಿಯಿತು?"

"ಫ್ಯಾನ್ ನಿಂತ್ವು. ಬಂದ ಹೆಣ್ಮಕ್ಕಳೆಲ್ಲಾ, ಮತ್ತ ಕರೆಂಟ್ ತಗದ್ರು, ಇವರ ಮನಿ ಹಾಳಾಗ ಅಂತ ಬೈದ್ರು. ನಾನೂ ಬೈದೆ." ಅವರು ಬಾಗಿಲ ಕಡೆ ನೋಡಿದರು. "ಹೊರಗ ಕೂಗು ಕೇಳಿ ಬಂದು ನೋಡಿದ್ರ, ಅಂವಾ ಬಿದ್ದಿದ್ದ. ರಂಗೋಲಿ ಮ್ಯಾಲೆ ಕಾಲು ಸೈತ ಇಟ್ಟಿರಲಿಲ್ಲ."

ಹೊತ್ತು ಇಳಿದಿತ್ತು. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಬೆಳಿಗ್ಗೆ ಬರುವುದಾಗಿ ಹೇಳಿ ಹೊರಟರು. ಕರೆಂಟು ಬಂದ್ ಮಾಡಿಸದೆ ಆಳು ಇಳಿಸಿದ್ದಕ್ಕೆ ಪರಶುವನ್ನು ಅಂದೇ ಸಂಜೆ ಬಂಧಿಸಿ, ಮೊದಲನೇ ಆರೋಪಿ ಎಂದು ಬರೆದರು.

ಭಾನುವಾರ ಬೆಳಿಗ್ಗೆ ಜೀಪು ಓಣಿಯ ಬಾಯಲ್ಲೇ ನಿಂತಿತು. ಶ್ವೇತಾ ಸಮವಸ್ತ್ರದ ಬದಲು ಸಾದಾ ಚೂಡಿದಾರ ಹಾಕಿಕೊಂಡು ಒಬ್ಬಳೇ ಹೋದಳು. ಮೃಣಾಲಿನಿ ಕೈಯಲ್ಲಿ ಒಂದು ಬಟ್ಟೆಚೀಲ ಹಿಡಿದು ಚಪ್ಪಲಿ ಮೆಟ್ಟಿದರು.

ಮಹಡಿಯಿಂದ ದನಿ ಬಂತು. "ಅತ್ಯಾ, ಎಲ್ಲಿ ಹೊಂಟ್ರಿ?"

"ಕಾಯಿಪಲ್ಯಾ ತರ್ಲಿಕ್ಕೆ. ನೀ ಪಾವಟಿಗಿ ಇಳೀಬ್ಯಾಡ."

ಠಾಣೆಯ ಬೆಂಚಿನ ಮೇಲೆ ಸುಂದರವ್ವ ಕುಳಿತಿದ್ದಳು. ಹೆಣ ಊರಿಗೆ ಒಯ್ಯುವ ಗಾಡಿ ಹೊರಗೆ ನಿಂತಿತ್ತು. ಹೋಳಿಗೆ ಕೊಟ್ಟವರು ಯಾರೆಂದು ಗುರುಕಿರಣ ಅವಳಿಗೆ ಆಗಲೇ ತಿಳಿಸಿದ್ದರು. ಗುರುಕಿರಣ ಸಹಿ ಮಾಡಿದ ಒಂದು ಹಾಳೆಯನ್ನು ಅವಳ ಕೈಗೆ ಕೊಟ್ಟು, ಓದಿ ಹೇಳಿದರು: ಮೃತ ಮಲಕಪ್ಪ ಮದ್ಯ ಸೇವಿಸಿದ್ದಕ್ಕೆ ಶವಪರೀಕ್ಷೆಯಲ್ಲಿ ಯಾವ ಕುರುಹೂ ಕಂಡಿಲ್ಲ, ಬಾಗಿಲ ಮುಂದಿನ ರಂಗೋಲಿ ತುಳಿಯಬಾರದೆಂದು ಪಕ್ಕಕ್ಕೆ ಸರಿದು ಅಗೆದಿದ್ದಾನೆ.

"ಹಂಗಽ ಇದ್ದ ಅಂವ," ಎಂದಳು ಸುಂದರವ್ವ. ಹಾಳೆ ಮಡಚಿ ರವಿಕೆಯಲ್ಲಿ ಇಟ್ಟುಕೊಂಡಳು.

ಆಗ ಮೃಣಾಲಿನಿ ಒಳಗೆ ಬಂದರು. ಯಾರು ಯಾರೆಂದು ಇಬ್ಬರಿಗೂ ಯಾರೂ ಹೇಳಬೇಕಾಗಲಿಲ್ಲ. ಮುಜಫ್ಫರ ಎದ್ದು ನಡುವೆ ನಿಂತ, ಏನಾದರೂ ಆದೀತು ಎಂದು. ಸುಂದರವ್ವ ಬಹಳ ಹೊತ್ತು ಅವರನ್ನು ನೋಡಿದಳು.

"ಹೋಳಿಗಿ ಬಿಸಿ ಇದ್ದುವೇನ್ರಿ?"

"ಹಂಚಿನ ಮ್ಯಾಲಿಂದ ತಗದು ಕೊಟ್ಟಿದ್ದೆವ್ವಾ. ತುಪ್ಪಾ ಹಾಕಿ."

"ನಾ ತಂಗಳ ರೊಟ್ಟಿ ಕಟ್ಟಿದ್ದೆ," ಎಂದಳು ಸುಂದರವ್ವ. ಎದ್ದು ಗಾಡಿಯ ಕಡೆ ನಡೆದಳು.

ಬಂಧನದ ಕಾಗದಗಳಿಗೆ ಮೃಣಾಲಿನಿ ಸಹಿ ಮಾಡಿದರು. ಜಾಮೀನು ಕೊಡಬಹುದಾದ ಅಪರಾಧ. ವ್ಯಾಸರಾಜ ಜಾಮೀನು ನಿಂತರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ಶ್ವೇತಾ ಕೇಳಿದಳು. ಗುರುಕಿರಣ ಪೆನ್ನು ತಾವೇ ತೆಗೆದುಕೊಂಡು ಬರೆದರು: ಸೊಸೆಯ ಕಣ್ಣಿಗೆ ಕಾಟು ಬೀಳಬಾರದು ಎಂಬ ಹೆದರಿಕೆ, ಬೇರೆ ದುರುದ್ದೇಶ ಕಂಡುಬಂದಿಲ್ಲ.

ಮನೆಗೆ ಹೋಗುವಾಗ ಮೃಣಾಲಿನಿ ಮಾರ್ಕೆಟ್ಟಿನ ಬಳಿ ರಿಕ್ಷಾ ನಿಲ್ಲಿಸಿ, ಇಳಿದು, ಒಂದು ಕಟ್ಟು ಮೆಂತ್ಯಪಲ್ಯ ಕೊಂಡರು. ಕಾಯಿಪಲ್ಯ ತರುತ್ತೇನೆಂದು ಹೇಳಿ ಬಂದಿದ್ದರು.