ಮುಚ್ಚಿಟ್ಟ ನಲವತ್ತು ಅಕ್ಷರ

ಯಂತ್ರ ಸಿಂಚನಾಳ ಒಂದು ತೊಟ್ಟು ರಕ್ತ ಕುಡಿದು ಓದತೊಡಗಿತು. ಪ್ರೋಟೀನು ಎಂದರೆ ಇಪ್ಪತ್ತು ಬಗೆಯ ಮಣಿಗಳ ಸರ. ಒಂದೊಂದು ಮಣಿಗೂ ಒಂದೊಂದು ಅಕ್ಷರ. ಪರದೆಯ ಮೇಲೆ ಒಂದು ಕಡೆ ‘ಕ್ಯೂ’ ಎಂಬ ಅಕ್ಷರವೇ ಮತ್ತೆ ಮತ್ತೆ ಬಂತು, ರೇಷನ್ ಅಂಗಡಿಯ ಮುಂದಿನ ಕ್ಯೂನಂತೆ. ಯಂತ್ರ ಎಣಿಸಿ ಹೇಳಿತು: ನಲವತ್ತೊಂದು.

2058ರ ಒಂದು ಬೆಳಿಗ್ಗೆ, ಹುಬ್ಬಳ್ಳಿಯ ಪ್ರಯೋಗಾಲಯ. ಇಪ್ಪತ್ತೆರಡಿದ್ದರೆ ಚಿಂತೆಯಿಲ್ಲ ಎಂದರು ಯಂತ್ರ ಕಂಡುಹಿಡಿದ ಡಾ. ಪ್ರಣತಿ. ನಲವತ್ತರ ಹತ್ತಿರ ಬಂದರೆ ಕಾಲು ತೂರಾಡುತ್ತದೆ, ಮಾತು ತೊದಲುತ್ತದೆ. ಇದು ಹೆತ್ತವರಿಂದ ಮಕ್ಕಳಿಗೆ ಬರುವ ಕಾಯಿಲೆ. ಈಚೆಗೆ ತೂರಾಡತೊಡಗಿದ್ದ ಐವತ್ತರ ಸಿಂಚನಾ ತನ್ನ ಬಗ್ಗೆ ಏನೂ ಕೇಳಲಿಲ್ಲ. ಚೀಲದಿಂದ ತಂದೆಯ ಹಳೆಯ ವರದಿ ತೆಗೆದಳು.

ತಂದೆ ಶೇಖರಪ್ಪ ಬಸ್ ಡ್ರೈವರ್. ತೂರಾಡುತ್ತಾನೆಂದು ಕೆಲಸ ಹೋಯಿತು; ಓಣಿ ಕುಡುಕನೆಂದಿತು. ಅವನ ಪ್ರೋಟೀನಿನ ಅಕ್ಷರ ಓದಿದ ಆಸ್ಪತ್ರೆಯ ವರದಿ ‘ದೋಷವಿಲ್ಲ’ ಎಂದ ಮೇಲೆ, ಅವನು ಕುಡುಕನೆಂಬುದರಲ್ಲಿ ಮನೆಯವರಿಗೂ ಅನುಮಾನ ಉಳಿಯಲಿಲ್ಲ. ಸಂಜೆ ಅವನು ಬಂದರೆ ಚಿಲಕ ಹಾಕುತ್ತಿದ್ದವಳು ಸಿಂಚನಾಳೇ. ಅವನು ಹೊರಗಿನಿಂದ ದಿನಾ ಒಂದೇ ಮಾತು ಹೇಳುತ್ತಿದ್ದ. ಕೊನೆಗೆ ಬಾಗಿಲ ಮುಂದಿನ ಕಟ್ಟೆಯ ಮೇಲೇ ಸತ್ತ.

“ಅಪ್ಪ ಕುಡೀತಿದ್ನೋ ಇಲ್ಲೋ, ಅಷ್ಟ ಹೇಳ್ರಿ ಮೇಡಂ. ನನ್ನ ಕಾಲಿನ ಚಿಂತಿ ಆಮ್ಯಾಲ.”

ಪ್ರಣತಿ ವರದಿ ನೋಡಿ ಕನ್ನಡಕ ತೆಗೆದಿಟ್ಟರು. ಕ್ಯೂಗಳು ಇರಬೇಕಾದ ಜಾಗದಲ್ಲಿ ಸಾಲಾಗಿ ಎಕ್ಸ್ ಗುರುತು. ಹಾಗೆ ಮುಚ್ಚುವ ಕಂಪ್ಯೂಟರ್ ಜರಡಿಯನ್ನು ವಿದ್ಯಾರ್ಥಿನಿಯಾಗಿದ್ದಾಗ ಬರೆದವರು ಅವರೇ. ಒಂದೇ ಅಕ್ಷರದ ಸಾಲು ನೂರಾರು ಪ್ರೋಟೀನುಗಳಲ್ಲಿ ಬಂದು ನಂಟಿಲ್ಲದವುಗಳ ನಡುವೆ ಸುಳ್ಳು ಹೋಲಿಕೆ ತೋರಿಸುತ್ತದೆಂದು, ಅದನ್ನು ಗದ್ದಲವೆಂದು ಮುಚ್ಚಿ ಮುಂದೆ ಹೋಗುವುದು ಆಗಿನ ಪದ್ಧತಿ. ಹೇಳಿದ್ದನ್ನೇ ಹೇಳುವವರಲ್ಲಿ ಮಂತ್ರಿಗಳನ್ನು ಬಿಟ್ಟರೆ ಯಾರಿಗೂ ಮೈಕು ಸಿಗುವುದಿಲ್ಲ.

ಜರಡಿ ತನ್ನದೇ ಎಂದು ಒಪ್ಪಿಕೊಂಡರು. ಮೂಲ ಅಕ್ಷರಗಳು ಎಲ್ಲೂ ಉಳಿದಿಲ್ಲವೆಂದೂ ಹೇಳಿದರು. ಆಮೇಲೆ ವರದಿಯನ್ನು ಅವಳ ಮುಂದೆ ಸರಿಸಿ, “ಒಂದಕ್ಷರ ಮುಚ್ಚಾಕ ಒಂದ ಎಕ್ಸ್ ಹಾಕ್ತಿತ್ತದು. ಎಣಸ್ರಿ” ಎಂದರು.

ಸಿಂಚನಾ ಬೆರಳಿಟ್ಟು ಎಣಿಸಿದಳು. ಎರಡು ಸಲ ತಪ್ಪಿತು. ಮೂರನೇ ಸಲ ನಲವತ್ತಕ್ಕೆ ಬಂದು ನಿಂತಳು. ಇದಕ್ಕೆ ಯಂತ್ರವೇ ಬೇಕಿರಲಿಲ್ಲ. ಅವತ್ತೇ ಯಾರಾದರೂ ಬೆರಳಿಟ್ಟಿದ್ದರೆ ಸಾಕಿತ್ತು.

“ದಿನಾ ಅಂತಿದ್ದ,” ಎಂದಳು. “‘ಕುಡದಿಲ್ಲವ್ವಾ, ಬಾಯಿ ಮೂಸಿ ನೋಡು’ ಅಂತ. ಒಮ್ಮಿನೂ ಮೂಸಲಿಲ್ರಿ ನಾ.”

ವರದಿಯ ಮೂಲೆಯಲ್ಲಿದ್ದ ಇಸವಿ 2026, ನೀವು ಇದನ್ನು ಓದುತ್ತಿರುವ ಕಾಲವೇ. ಅಂದರೆ ಈ ಸಂಜೆಯೂ ಶೇಖರಪ್ಪ ಯಾವುದೋ ಓಣಿಯ ಕಟ್ಟೆಯ ಮೇಲೆ ಕೂತು ಅದೇ ಮಾತು ಹೇಳುತ್ತಿದ್ದಾನೆ. ಚಿಲಕ ಇನ್ನೂ ಒಳಗಿರುವವರ ಕೈಯಲ್ಲಿದೆ.